ಚಿಂಪುವಿನ ಕಲ್ಲಿನಡಿಯ ಗಾಳಿ

ಕಂಚಾಪಾತ, ೨೦ ನವೆಂಬರ್ ೧೬೫೮

ಅದಕ್ಕೇ ಹೇಳುತ್ತಿದ್ದೆ ಲೊರೆನ್ಸೊ, ಅವಳನ್ನು ಮಲಗಿಸಿದ್ದೇ ತಪ್ಪು. ನಿನ್ನೆಯ ಹಾಳೆಯಲ್ಲಿ ನಿನ್ನ ಅಕ್ಕ ತೀರಿಕೊಂಡಳು ಎಂದಷ್ಟೇ ಬರೆದು, ಹೊರೆ ಹೊರುವ ಲಾಮಾಗಳ ಮಂದೆ ಹೊಡೆಯುವ ಇಲಾರಿಯೊನ ಕೈಗೆ ಕೊಟ್ಟುಬಿಟ್ಟೆ. ಇವತ್ತು ನೋಡಿದರೆ ಅವನ ಒಂದು ಲಾಮಾ ಕುಂಟುತ್ತಿದೆಯೆಂದು ಇನ್ನೂ ಹೊರಟಿಲ್ಲ. ಹೊರಟಿದ್ದರೆ ಉಳಿದ ಮಾತು ಹೊಟ್ಟೆಯಲ್ಲೇ ಉಳಿಯುತ್ತಿತ್ತು.

ಹೋದ ಚಳಿಗಾಲದಿಂದ ಚಿಂಪುವಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ, ಮಂಡಿಗಳನ್ನು ಎದೆಗೆ ಸೇರಿಸಿಕೊಂಡು, ಕೂತೇ ನಿದ್ದೆ ಮಾಡುತ್ತಿದ್ದಳು. ಒಂದು ದಿನ ಅವಳೇ ನಕ್ಕಳು.

"ನೋಡ್ರೀ, ಸತ್ತೋದ ತಿತು ಅಜ್ಜ ಗುಹೇಲಿ ಕೂತಂಗೆ ಕೂತಿದೀನಿ. ಅಭ್ಯಾಸ ಆಗೋಯ್ತು. ಸತ್ತ ಮೇಲೂ ಹಿಂಗೇ ಕೂರ್ಸಿ. ಮಲಗಿಸಿ ಎದೆ ಮೇಲೆ ಕಲ್ಲು ಹೇರ್ಬೇಡಿ."

"ಆಯ್ತು ಕಣೇ" ಅಂದೆ.

ಅಂದವನು ಏನು ಮಾಡಿದೆ? ಪಾದ್ರಿ ಸಾಲ್ಸೇದೊ ಹೇಸರಗತ್ತೆಯಿಂದ ಇಳಿದ, ಹುರಿದ ಜೋಳ ತಿಂದ, ಬಾಯಿ ಒರೆಸಿಕೊಂಡ, ಅವಳನ್ನು ಇಗರ್ಜಿಯ ನೆಲದಡಿ ಚಾಪೆಯಂತೆ ಉದ್ದಕ್ಕೆ ಮಲಗಿಸಿಬಿಟ್ಟ. ಮೇಲೆ ಮಣ್ಣು, ಮಣ್ಣಿನ ಮೇಲೆ ಕಲ್ಲು. 'ಪುಲ್ವಿಸ್' ಎಂದ. ಧೂಳು ಎಂದು ಅರ್ಥ. ಕೂಸ್ಕೊದಲ್ಲಿ ನಾಯಕರ ಮಕ್ಕಳ ಕಾಲೇಜಿನಲ್ಲಿ ಕಲಿತ ಲ್ಯಾಟಿನ್ ಅಷ್ಟು ನೆನಪಿದೆ, ಮುಂದಿನದು ಹಾರಿಹೋಗಿದೆ. 'ಎರ್ಗೊ' ಮಾತ್ರ ಹೋಗಿಲ್ಲ. ಎರ್ಗೊ ಎಂದರೆ ಆದ್ದರಿಂದ. ಅದೊಂದು ಗೊತ್ತಿದ್ದರೆ ಯಾವ ಪಾದ್ರಿಯ ಜೊತೆಗೂ ವಾದ ಮಾಡಬಹುದು ಎಂದು ನಾವಿಬ್ಬರೂ ನಗುತ್ತಿದ್ದೆವಲ್ಲ.

ಎರ್ಗೊ, ನೀನು ಲಿಮಾದಲ್ಲಿ ದೊಡ್ಡ ಪಾದ್ರಿಗಳ ಕಚೇರಿಯಲ್ಲಿ ಬರೆಯುವ ಕೆಲಸದಲ್ಲಿದ್ದೀಯ. ನಿನ್ನ ಅಕ್ಕನನ್ನು ಮೇಲೆತ್ತಿ, ಕೂರಿಸಿ, ಗಾಳಿಯಾಡುವ ಕಡೆ ಇಡಲು ಒಂದು ಅಪ್ಪಣೆ ಬರೆಸಿ ಕಳಿಸು. ಮಂತ್ರ ಬೇಕಾದರೆ ಹೇಳಿಕೊಳ್ಳಲಿ, ನಾನು ಬೇಡ ಎನ್ನುವುದಿಲ್ಲ. ಆ ಕಲ್ಲಿನ ಮೇಲೆ ನಿಂತರೆ ನನಗೇ ಉಸಿರಾಡಲು ಆಗುವುದಿಲ್ಲ.

ನಿನ್ನ ಭಾವ,
ಗಾಸ್ಪರ್ ರಿಮಾಚಿ


ಲಿಮಾ, ೮ ಫೆಬ್ರವರಿ ೧೬೫೯

ಪೂಜ್ಯ ಭಾವನವರಿಗೆ,

ನಿಮ್ಮ ಎರಡೂ ಕಾಗದಗಳು ಒಟ್ಟಿಗೇ ಬಂದವು. ಅಕ್ಕನ ಆತ್ಮಕ್ಕಾಗಿ ಇಲ್ಲಿ ಪೂಜೆ ಮಾಡಿಸಿದ್ದೇನೆ. ಅವಳು ಪವಿತ್ರ ನೆಲದಲ್ಲಿದ್ದಾಳೆ. ಸತ್ತವರಿಗೆ ಉಸಿರಿನ ಅಗತ್ಯವಿಲ್ಲ. ಇದು ನಿಮಗೂ ಕಾಲೇಜಿನಲ್ಲಿ ಹೇಳಿಕೊಟ್ಟ ಪಾಠವೇ.

ಅಪ್ಪಣೆಯ ಮಾತು ಎತ್ತಬೇಡಿ. ಹೂತವರನ್ನು ತೆಗೆದು ಗುಹೆಗೆ ಒಯ್ಯುವವರ ಮೇಲೆ ಇಲ್ಲಿ ಎಷ್ಟು ವಿಚಾರಣೆಗಳು ನಡೆಯುತ್ತಿವೆ ಎಂಬುದು ನಿಮಗೆ ತಿಳಿಯದು. ಚಾಟಿಯೇಟು ಕೊಟ್ಟು, ತಲೆ ಬೋಳಿಸಿ, ಊರು ಬಿಡಿಸುತ್ತಾರೆ. ಹೊರತೆಗೆದ ಮೈಯನ್ನು ಸುಡುತ್ತಾರೆ. ಸುಟ್ಟರೆ ಕೂರುವುದೂ ಇಲ್ಲ, ಮಲಗುವುದೂ ಇಲ್ಲ. ಯೋಚಿಸಿ.

ತಿತು ಅಜ್ಜನ ಹೆಸರನ್ನು ಕಾಗದದಲ್ಲಿ ಬರೆಯಬೇಡಿ. ಓದಿದ ಮೇಲೆ ಇದನ್ನು ಒಲೆಗೆ ಹಾಕಿ.

ವಿನಯಪೂರ್ವಕ,
ಲೊರೆನ್ಸೊ


ಕಂಚಾಪಾತ, ೨ ಏಪ್ರಿಲ್ ೧೬೫೯

ಲೊರೆನ್ಸೊ,

ಅಪ್ಪಣೆ ಕೇಳಿದ್ದು ನನ್ನ ದಡ್ಡತನ. ನಿನ್ನ ಕಾಗದವನ್ನು ಒಲೆಗೆ ಹಾಕಲಿಲ್ಲ. ಅದರ ಹಿಂಬದಿಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಕಾಗದ ಇಲ್ಲಿ ಮರದಲ್ಲಿ ಬಿಡುವುದಿಲ್ಲ.

ಸತ್ತವರಿಗೆ ಉಸಿರು ಬೇಡವಂತೆ! ಹಾಗಾದರೆ ಈ ಪರದೇಶದವರು ಸತ್ತ ನಮ್ಮ ಅರಸರ ತಂಟೆಗೆ ಯಾಕೆ ಬಂದರು? ಬದುಕಿದ್ದ ಅರಸನ ಕುತ್ತಿಗೆ ಹಿಚುಕಿದರು, ಸರಿ, ಯುದ್ಧವೆಂದರೆ ಅದೇ. ಆದರೆ ಅವನಿಗಿಂತ ಮುಂಚೆ ಸತ್ತವರು ಕೂಸ್ಕೊದಲ್ಲಿ ಒಣಗಿಸಿದ ಮೈಯಲ್ಲಿ ತಮ್ಮ ತಮ್ಮ ಮನೆಯಲ್ಲಿ ಕೂತಿದ್ದರು. ಹೊಲ ಅವರದೇ, ಆಳುಗಳೂ ಅವರವರೇ. ಹಬ್ಬದ ದಿನ ಚೌಕಕ್ಕೆ ಬಂದು ಒಬ್ಬರಿಗೊಬ್ಬರು ಜೋಳದ ಚಿಚಾ ಕುಡಿಸುತ್ತಿದ್ದರು. ಅವರನ್ನು ಹುಡುಕಿ ಹುಡುಕಿ, ಬಿಳಿ ಬಟ್ಟೆ ಹೊದಿಸಿ, ಹೊತ್ತುಕೊಂಡು ಹೋದರು. ನನ್ನ ಮುತ್ತಜ್ಜಿ ದಾರಿಬದಿಯಲ್ಲಿ ಮಂಡಿಯೂರಿ ಅತ್ತಳಂತೆ. ಪರದೇಶದ ಸಿಪಾಯಿಗಳು ಕೂಡ ಟೋಪಿ ತೆಗೆದರಂತೆ. ಬದುಕಿರುವ ನಮಗೆ ಹೆದರದವರು ಸತ್ತವರಿಗೆ ಹೆದರಿದರು. ಈಗ ಅವರು ನಿನ್ನ ಲಿಮಾದಲ್ಲೇ, ಯಾವುದೋ ಆಸ್ಪತ್ರೆಯ ಹಿತ್ತಲಿನಲ್ಲಿ ಇದ್ದಾರೆ ಎನ್ನುತ್ತಾರೆ. ಹಾದುಹೋಗುವಾಗ ಟೋಪಿ ತೆಗೆಯುತ್ತೀಯಾ?

ತಿತು ಅಜ್ಜನ ಹೆಸರು ಬರೆಯಬೇಡ ಎಂದೆಯಲ್ಲ. ತಿತು ಅಜ್ಜ, ತಿತು ಅಜ್ಜ, ತಿತು ಅಜ್ಜ. ಬರೆದೆ. ಅರಸ 'ಹೋಗು' ಎಂದಾಗ ದೊಡ್ಡ ಸರೋವರದ ಕಡೆಯಿಂದ ಹೆಂಡತಿ ಮಕ್ಕಳನ್ನು ಕರೆದುಕೊಂಡು ಈ ಕಣಿವೆಗೆ ನಡೆದು ಬಂದವನು. ಮೊದಲ ಬೆಳೆ ಬರುವ ತನಕ ಅರಸನ ಉಗ್ರಾಣದ ಒಣ ಆಲೂಗಡ್ಡೆ ತಿಂದು, ಈ ಗುಡ್ಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೊಲ ಕಟ್ಟಿದವನು, ನಮ್ಮೂರಿನ ಮೂಲಪುರುಷ. ಆಗೆಲ್ಲ ಸ್ವರ್ಗವಾಗಿತ್ತು ಎಂದು ನಾನು ಹೇಳುವುದಿಲ್ಲ. ಹೋಗು ಎಂದರೆ ಹೋಗಬೇಕಿತ್ತು, ಹೊರು ಎಂದರೆ ಹೊರಬೇಕಿತ್ತು. ಆದರೆ ಹೊತ್ತವನು ಹಸಿದು ಮಲಗುತ್ತಿರಲಿಲ್ಲ. ಈಗ ಹೊರುವುದು ಉಳಿದಿದೆ, ಉಗ್ರಾಣ ಹೋಗಿದೆ.

ಇಗರ್ಜಿ ನಿಂತಿರುವುದೂ ಅವನು ಕಟ್ಟಿದ ಗೋಡೆಯ ಮೇಲೇ ಅಲ್ಲವೇ? ದೊಡ್ಡ ಭೂಕಂಪದಲ್ಲಿ ಪಾದ್ರಿಗಳು ಕಟ್ಟಿಸಿದ ಮೇಲಿನ ಅರ್ಧ ಉದುರಿಬಿತ್ತು. ತಿತು ಅಜ್ಜನ ಕೆಳಗಿನ ಅರ್ಧದಲ್ಲಿ ಸುಣ್ಣವಿಲ್ಲ, ಗಾರೆಯಿಲ್ಲ, ಕಲ್ಲಿಗೆ ಕಲ್ಲು ಒತ್ತಿಕೊಂಡು ನಿಂತಿವೆ ಅಷ್ಟೆ. ಕೂದಲೆಳೆಯಷ್ಟೂ ಕದಲಲಿಲ್ಲ. ಮೇಲಿನದನ್ನು ಮತ್ತೆ ಕಟ್ಟಿಕೊಟ್ಟವನು ನಾನೇ. ನೆಲದ ಕೆಳಗೆ ಅವನು ಮಾಡಿದ ನೀರಿನ ದಾರಿ ಈಗಲೂ ಇದೆ. ನೀರು ಬೇರೆ ಕಡೆ ತಿರುಗಿ ಎಷ್ಟೋ ಕಾಲವಾಯಿತು. ಕೆಳಗಿನ ಹೊಲದಲ್ಲಿ ಅದರ ಬಾಯಿಗೆ ತಲೆ ತೂರಿಸಿ ನಾವು ಕೂಗುತ್ತಿದ್ದೆವು, ಚಿಂಪು ನಮ್ಮ ಕಾಲು ಹಿಡಿದು ಎಳೆಯುತ್ತಿದ್ದಳು. ಸುಮ್ಮನೆ ನೆನಪಾಯಿತು, ಬರೆದೆ.

ನಾನು ಏನೂ ಮಾಡಿಲ್ಲ. ಅವಳು ಅಲ್ಲೇ ಇದ್ದಾಳೆ. ನಿನ್ನ ಪೂಜೆಗೆ ನನ್ನ ವಂದನೆ.

ಗಾಸ್ಪರ್


ಲಿಮಾ, ೧೦ ಮೇ ೧೬೫೯

ಭಾವ,

ಬೇಗ ಬರೆಯುತ್ತಿದ್ದೇನೆ. ವಿಗ್ರಹಾರಾಧನೆಯ ವಿಚಾರಣೆಗೆ ನೇಮಕವಾದ ಪಾದ್ರಿಗಳು ಜೂನ್‌ನಲ್ಲಿ ಹೊರಟು ನಿಮ್ಮ ಕಣಿವೆಗೆ ಬರುತ್ತಿದ್ದಾರೆ. ಕಂಚಾಪಾತದಲ್ಲಿ ಒಬ್ಬ ಹಿರಿಯನನ್ನು ಗುಹೆಯಲ್ಲಿ ಕೂರಿಸಿ ಪೂಜಿಸುತ್ತಾರೆ ಎಂದು ಯಾರೋ ದೂರು ಕೊಟ್ಟಿದ್ದಾರೆ. ಸಿಕ್ಕಿದ್ದನ್ನು ಚೌಕದಲ್ಲಿ ಸುಡುತ್ತಾರೆ. ಇಗರ್ಜಿಯಲ್ಲಿ ಈಚೆಗೆ ಹೂತವರ ಕಲ್ಲುಗಳನ್ನೂ ನೋಡುತ್ತಾರೆ.

ಪಾದ್ರಿಗಳಿಗೆ ನಮ್ಮ ಭಾಷೆ ಬಾರದು. ಜೊತೆಗೆ ಒಬ್ಬ ದುಭಾಷಿ ಬರುತ್ತಾನೆ. ಅವನು ಒಳ್ಳೆಯವನೋ ಕೆಟ್ಟವನೋ ನಾನು ಹೇಳಲಾರೆ.

ಏನೂ ಮಾಡಿಲ್ಲ ಎಂದು ಬರೆದಿದ್ದೀರಿ. ನಂಬಿದ್ದೇನೆ.

ಲೊ.


ಕಂಚಾಪಾತ, ೩ ಜೂನ್ ೧೬೫೯

ಲೊರೆನ್ಸೊ,

ಬರಲಿ. ಬರಬೇಡಿ ಎಂದು ಯಾರು ಅಂದರು? ಸುದ್ದಿಯನ್ನು ಸಿಸಾ ಅಜ್ಜಿಗೆ ಓದಿ ಹೇಳಿದೆ. ಅಜ್ಜಿಗೆ ಈಗ ಹಲ್ಲಿಲ್ಲ, ಆದರೂ ತಿತು ಅಜ್ಜನಿಗೆ ಬಟ್ಟೆ ಬದಲಿಸುವ ಕೆಲಸ ಬೇರೆ ಯಾರಿಗೂ ಬಿಟ್ಟುಕೊಟ್ಟಿಲ್ಲ. ಕೋಕಾ ಎಲೆಯನ್ನು ದವಡೆಯಿಂದ ದವಡೆಗೆ ದಾಟಿಸಿ ಅಂದಳು:

"ಪಾಪ, ದೂರದಿಂದ ಬರ್ತಾನೆ, ಚಳಿ ಆಗ್ತದೆ ಅವನಿಗೂ. ಬೆಂಕಿ ಕಾಸೋಕೆ ಏನಾದ್ರೂ ಕೊಟ್ಟು ಕಳ್ಸೋಣ ಬಿಡು."

ಆ ದುಭಾಷಿ ಬರುತ್ತಾನೆ ಎಂದೆಯಲ್ಲ, ಅವನ ಬಗ್ಗೆ ಯೋಚಿಸಿದರೆ ಮೈ ಉರಿಯುತ್ತದೆ. ಪರದೇಶದ ಪಾದ್ರಿ ಅವನ ದೇವರಿಗಾಗಿ ಬರುತ್ತಾನೆ, ಅದಕ್ಕೊಂದು ಅರ್ಥವಿದೆ. ನಮ್ಮ ತಾಯಿಯ ಮಾತನ್ನೇ ಆಡುತ್ತ ನಮ್ಮ ಅಜ್ಜನನ್ನು ಬೆಂಕಿಗೆ ತೋರಿಸುವವನು? ನಾಲಗೆಯನ್ನು ಬಾಡಿಗೆಗೆ ಬಿಟ್ಟವನು ಅವನು. ಲಿಮಾದಲ್ಲಿ ಸಿಕ್ಕರೆ ನನ್ನ ಹೆಸರು ಹೇಳಿ ಮುಖಕ್ಕೆ ಉಗಿ.

ಇಲ್ಲಿ ಎಲ್ಲರೂ ಕ್ಷೇಮ. ಜನರಿಗೆ ಈಚೆಗೆ ಭಕ್ತಿ ಹೆಚ್ಚಾಗಿದೆ. ಭಾನುವಾರ ಇಗರ್ಜಿಯಲ್ಲಿ ಎಷ್ಟು ಗಟ್ಟಿಯಾಗಿ ಹಾಡುತ್ತಾರೆ ಎಂದರೆ ಹೊರಗೆ ಕಟ್ಟಿದ ಹೇಸರಗತ್ತೆ ಹಗ್ಗ ಜಗ್ಗುತ್ತದೆ. ಪಾದ್ರಿ ಸಾಲ್ಸೇದೊ ಕಣ್ಣು ಒರೆಸಿಕೊಂಡು "ಇಷ್ಟು ದಿನ ಎಲ್ಲಿತ್ರಪ್ಪ ಈ ಕಂಠ?" ಅಂದ. ನನಗೆ ಮಾತ್ರ ಕೆಮ್ಮು, ಹೋಗಲಾಗುತ್ತಿಲ್ಲ.

ಗಾಸ್ಪರ್


ಲಿಮಾ, ೧೨ ಸೆಪ್ಟೆಂಬರ್ ೧೬೫೯

ಭಾವ,

ನಾನು ಹಿಂತಿರುಗಿದಾಗ ನಿಮ್ಮ ಜೂನ್ ತಿಂಗಳ ಕಾಗದ ನನಗಾಗಿ ಕಾದಿತ್ತು. ನಾಲಗೆ ಬಾಡಿಗೆಗೆ ಬಿಟ್ಟವನನ್ನು ನೀವು ಜುಲೈಯಲ್ಲಿ ಕಣ್ಣಾರೆ ನೋಡಿದಿರಿ. ಕುದುರೆಯಿಂದ ಇಳಿದ ನನ್ನನ್ನು ಕಂಡು ನಿಮ್ಮ ಮುಖ ಕಲ್ಲಾಯಿತು. ಗುರುತೇ ಇಲ್ಲದವರಂತೆ ನಿಂತಿರಿ. ನಾನೂ ಹಾಗೇ ನಿಂತೆ. ಇವನು ಇದೇ ಊರಿನವನು ಎಂದು ತಿಳಿದಿದ್ದರೆ ಪಾದ್ರಿಗಳು ನನ್ನನ್ನು ಕಳಿಸಿ ಬೇರೆಯವನನ್ನು ಕರೆಸುತ್ತಿದ್ದರು. ಬೇರೆಯವನು ಬರುವುದು ಬೇಡ ಎಂದೇ ನಾನು ಕಾಡಿ ಬೇಡಿ ಆ ಕೆಲಸ ತೆಗೆದುಕೊಂಡಿದ್ದೆ. ಮೇ ತಿಂಗಳಲ್ಲಿ ಇದನ್ನು ಬರೆಯುವ ಧೈರ್ಯ ಬರಲಿಲ್ಲ.

ಗುಹೆಯಿಂದ ಸಿಸಾ ಅಜ್ಜಿ ತಂದೊಪ್ಪಿಸಿದ ಮೂಟೆಯನ್ನು ಪಾದ್ರಿಗಳು ಬಿಚ್ಚಿಸಲಿಲ್ಲ. ವಾಸನೆಗೆ ಮೂಗು ಮುಚ್ಚಿಕೊಂಡು, ಹಾಗೇ ಉರಿಗೆ ಹಾಕಿಸಿದರು. "ನಿಮ್ಮ ಅಜ್ಜ ಬೂದಿಯಾದ" ಎಂದು ನನ್ನ ಬಾಯಿಂದಲೇ ಹೇಳಿಸಿದರು. ಅಜ್ಜಿ ನೆಲಕ್ಕೆ ಬಿದ್ದು ಹೊರಳಿದಳು, ಎದ್ದು ಬಂದು ನನ್ನ ಮುಖಕ್ಕೆ ಉಗಿದಳು. ಚಿಕ್ಕಂದಿನಲ್ಲಿ ನನಗೆ ಆಲೂಗಡ್ಡೆ ಸುಲಿದು ತಿನ್ನಿಸಿದವಳು ಅವಳು. ಒರೆಸಿಕೊಳ್ಳಲಿಲ್ಲ, ಅಲ್ಲೇ ಒಣಗಿತು.

ಆಮೇಲೆ ಇಗರ್ಜಿ. ಅಕ್ಕನ ಕಲ್ಲಿನ ಮುಂದೆ ನಿಂತು "ಇದು ಯಾರದು?" ಎಂದು ಪಾದ್ರಿಗಳು ಕೇಳಿದಾಗ ನೀವು ನಮ್ಮ ಭಾಷೆಯಲ್ಲಿ ಏನಂದಿರಿ, ನೆನಪಿದೆಯೇ? "ಅವಳನ್ನ ಮುಟ್ಟಿದ್ರೆ ಕೈ ಮುರೀತೀನಿ ಅಂತ ಹೇಳು ನಿನ್ನ ಯಜಮಾನಂಗೆ, ಹೇಳೋ ನಾಯಿ" ಅಂದಿರಿ. ನಾನು ಹೇಳಿದ್ದು: "ಇದು ನನ್ನ ಹೆಂಡತಿ, ಸ್ವಾಮಿ, ಈ ವೇದಿಕೆಯ ಬಟ್ಟೆ ನೇಯ್ದವಳು ಅವಳೇ, ಅನ್ನುತ್ತಿದ್ದಾನೆ." ಪಾದ್ರಿಗಳು ಆ ಬಟ್ಟೆಯನ್ನು ಸವರಿ ನೋಡಿ ಚೆನ್ನಾಗಿದೆ ಎಂದರು. ಅಂಚಿನಲ್ಲಿದ್ದದ್ದು ತಿತು ಅಜ್ಜನ ಹೊದಿಕೆಯ ಮೆಟ್ಟಿಲು ಚಿತ್ತಾರ. ಅದನ್ನು ನಾನು ಹೇಳಲಿಲ್ಲ.

ಆಗ ಅವರ ಕೈಯ ಮೇಣದಬತ್ತಿಯ ಉರಿ ಬಾಗಿತು. ಕೆಳಗಿನಿಂದ ಯಾರೋ ಊದಿದ ಹಾಗೆ. "ಎಲ್ಲಿಂದ ಗಾಳಿ?" ಎಂದರು. "ಬಾಗಿಲಿನಿಂದ" ಎಂದು ಕಲ್ಲಿನ ಸಂದಿಯ ಮೇಲೆ ಪಾದವಿಟ್ಟು ನಿಂತೆ. ಪ್ರಾರ್ಥನೆ ಮುಗಿಯುವ ತನಕ ತೆಗೆಯಲಿಲ್ಲ. ಪಾದ ಮರಗಟ್ಟಿತ್ತು.

ಎರಡೇ ಪ್ರಶ್ನೆ, ಭಾವ. ಕಲ್ಲಿನ ಕೆಳಗೆ ಏನಿದೆ? ನಾವು ಸುಟ್ಟದ್ದು ಯಾರನ್ನು? ಅದು ಅಜ್ಜನೋ, ಅಥವಾ ನೀವು ಅವಳನ್ನು ಗುಹೆಗೆ ಒಯ್ದಿದ್ದು ನಿಜವಾಗಿ, ಸುಟ್ಟದ್ದು ನನ್ನ ಅಕ್ಕನನ್ನೋ? ಒಲೆಯ ಮುಂದೆ ಕೂತರೆ ತುತ್ತು ಇಳಿಯುವುದಿಲ್ಲ.

ಇನ್ನೊಂದು. ಆಸ್ಪತ್ರೆಯ ಹಿತ್ತಲಿಗೆ ಹೋಗಿದ್ದೆ. ಟೋಪಿ ತೆಗೆದೆ. ಕಾವಲಿನವನು "ಯಾರಿಗಯ್ಯಾ ನಮಸ್ಕಾರ, ಇಲ್ಲಿ ಯಾರೂ ಇಲ್ವಲ್ಲ?" ಅಂದ. "ಸೆಕೆ" ಅಂದೆ. ಮಂಜು ಹನಿಯುತ್ತಿತ್ತು.

ಲೊರೆನ್ಸೊ


ಕಂಚಾಪಾತ, ೨ ನವೆಂಬರ್ ೧೬೫೯

ಸೆಕೆಯಂತೆ! ಓದಿ ಹೇಳಿದಾಗ ಸಿಸಾ ಅಜ್ಜಿ ಎಷ್ಟು ನಕ್ಕಳೆಂದರೆ ಬಾಯಿಯ ಕೋಕಾ ನನ್ನ ತೋಳಿನ ಮೇಲೆ ಬಿತ್ತು. ಆಮೇಲೆ ಅತ್ತಳು. "ನಮ್ಮುಡ್ಗನೇ ಅವನು. ನಮ್ಮುಡ್ಗನೇ. ನನ್ ಎಂಜಲು ಒರೆಸ್ಕೊಳ್ಳಿಲ್ವಂತೆ, ನೋಡು" ಅಂದಳು.

ಲೊರೆನ್ಸೊ, ಮೊದಲು ನಿನ್ನ ತುತ್ತು ಇಳಿಯಲಿ. ನೀವು ಸುಟ್ಟದ್ದು ಇಲಾರಿಯೊನ ಸತ್ತ ಲಾಮಾವನ್ನು. ಅದೇ, ನನ್ನ ಮೊದಲ ಕಾಗದ ಹೊರಡುವಾಗ ಕುಂಟುತ್ತಿದ್ದದ್ದು. ಅದರ ಎಲುಬನ್ನು ಕೂತ ಮನುಷ್ಯನ ಹಾಗೆ ಕಟ್ಟಿ, ಹಳೆಯ ಗೋಣಿ ಸುತ್ತಿ, ಯಾರೂ ಬಿಚ್ಚಬಾರದೆಂದು ಒಳಗೆ ಕೊಳೆತ ಮಾಂಸ ತುಂಬಿದವಳು ಅಜ್ಜಿಯೇ. ಹೊರಳಿದ್ದು, ಅತ್ತದ್ದು ಎಲ್ಲ ನಾಟಕ. ನಿನಗೆ ಉಗಿದದ್ದು ಮಾತ್ರ ನಾಟಕವಲ್ಲ. ಅದಕ್ಕೆ ಅವಳೇ ಒಂದು ಚೀಲ ಒಣ ಆಲೂಗಡ್ಡೆ ಕಳಿಸಿದ್ದಾಳೆ. ಲಿಮಾದಲ್ಲಿ ಅಂಥದ್ದು ಸಿಗುವುದಿಲ್ಲವಂತೆ.

ಈಗ ಕಲ್ಲಿನ ಕೆಳಗಿನದು. ಏನೂ ಮಾಡಿಲ್ಲ ಎಂದು ಬರೆದೆನಲ್ಲ, ಅದನ್ನು ಬರೆಯುವಾಗ ನನ್ನ ಉಗುರಿನಲ್ಲಿ ಮಣ್ಣಿತ್ತು. ತಿತು ಅಜ್ಜನ ನೀರಿನ ದಾರಿಯಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಹೋದರೆ ಇಗರ್ಜಿಯ ಅಡಿಯಲ್ಲಿ ಅವನು ಕಟ್ಟಿದ ಒಂದು ಕೋಣೆ ಸಿಗುತ್ತದೆ. ನೀರು ನಿಂತು ತಿಳಿಯಾಗಿ ಹೊರಡಲೆಂದು ಮಾಡಿದ್ದು. ಈಗ ಒಣಗಿ ಬೆಣಚುಕಲ್ಲಿನಂತಿದೆ. ನಿನ್ನ ಅಕ್ಕ ಮಲಗಿದ್ದು ಅದರ ನೆತ್ತಿಯ ಪಕ್ಕದಲ್ಲೇ. ಮೇಲಿನ ಕಲ್ಲನ್ನು ಮುಟ್ಟದೆ, ಕೆಳಗಿನಿಂದ, ಬದಿಯ ಒಂದೇ ಕಲ್ಲನ್ನು ಬಿಡಿಸಬೇಕು. ಗಾರೆಯಿಲ್ಲದ ಗೋಡೆಯಲ್ಲಿ ಒಂದು ಕಲ್ಲು ತೆಗೆಯುವುದೆಂದರೆ ನಗುತ್ತಿರುವವನ ಬಾಯಿಂದ ಹಲ್ಲು ಕಿತ್ತ ಹಾಗೆ, ಅವನಿಗೆ ಗೊತ್ತಾಗಬಾರದು. ಉಳಿಯ ಸದ್ದು ಮೇಲೆ ಕೇಳುತ್ತಿತ್ತು. ಎರ್ಗೊ, ಭಾನುವಾರ ಊರೆಲ್ಲ ಗಂಟಲು ಹರಿಯುವಂತೆ ಹಾಡಿತು, ನಾನು ಕೆಳಗೆ ಉಳಿ ಹಿಡಿದಿದ್ದೆ. ಹಾಡು ನಿಂತರೆ ನಾನೂ ನಿಲ್ಲುತ್ತಿದ್ದೆ. ಸಾಲ್ಸೇದೊ ಮತ್ತೊಂದು ಹಾಡು ಕೇಳಿದಾಗೆಲ್ಲ ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅವಳನ್ನು ಎಳೆದುಕೊಂಡಾಗ, ಲೊರೆನ್ಸೊ, ಭಾರವೇ ಇರಲಿಲ್ಲ. ಈ ಬೆಟ್ಟದ ಮಣ್ಣು ಮೈ ಕೆಡಿಸುವುದಿಲ್ಲ, ಹೀರಿಕೊಳ್ಳುತ್ತದೆ ಅಷ್ಟೆ. ಗೋಡೆಗೆ ಒರಗಿಸಿ, ಮಂಡಿಯನ್ನು ಎದೆಗೆ ಸೇರಿಸಿ, ಅವಳ ಕೆಂಪು ಶಾಲು ಹೊದಿಸಿದೆ. ಶಾಲಿನ ಅಂಚು ಅಲುಗಿತು. ಕೆಳಗಿನ ಹೊಲದಿಂದ ಬರುವ ಗಾಳಿ ಅವಳನ್ನು ಸವರಿ ಮೇಲಿನ ಸಂದಿಯಿಂದ ಹೊರಗೆ ಹೋಗುತ್ತದೆ. ನಿನ್ನ ಪಾದ ಮರಗಟ್ಟಿಸಿದ್ದು ಅದೇ. ಸತ್ತವರಿಗೆ ಉಸಿರು ಬೇಡವೆಂದು ಇನ್ನೊಮ್ಮೆ ಬರೆ, ನೋಡೋಣ.

ನಿನ್ನ ಮೇ ತಿಂಗಳ ಕಾಗದ ಬಂದ ಮೇಲೆ ತಿತು ಅಜ್ಜನನ್ನೂ ಅಲ್ಲಿಗೇ ಕರೆತಂದೆವು. ಗುಹೆ ಬಿಟ್ಟು ಬರಲು ಅವನು ಒಪ್ಪುತ್ತಾನೋ ಇಲ್ಲವೋ ಎಂದು ಅಜ್ಜಿಗೆ ಅನುಮಾನ. ನಾನು ಅಂದೆ, "ಇದು ಅವನೇ ಕಟ್ಟಿದ ಮನೆ ಅಲ್ವೇನಜ್ಜಿ? ಬಾಡಿಗೆಗಿದ್ದೋನು ಸ್ವಂತ ಮನೆಗೆ ಬಂದಂಗಾಯ್ತು." ಈಗ ಅವರಿಬ್ಬರೂ ಎದುರುಬದುರು ಕೂತಿದ್ದಾರೆ, ನೆತ್ತಿಯ ಮೇಲೆ ವೇದಿಕೆ. ವಿಚಾರಣೆಯ ಪಾದ್ರಿ ಊರನ್ನೆಲ್ಲ ಶೋಧಿಸಿದ, ಗುಹೆಗೆ ಬೆಂಕಿ ಇಟ್ಟ, ಶಿಲುಬೆ ನೆಟ್ಟ. ಕೊನೆಗೆ ಅವರ ನೆತ್ತಿಯ ಮೇಲೇ ನಿಂತು ಆಶೀರ್ವಾದ ಮಾಡಿ ಹೋದ. ಅಲ್ಲಿಗಿಂತ ಭದ್ರವಾದ ಜಾಗ ಇಡೀ ರಾಜ್ಯದಲ್ಲಿ ಇನ್ನೆಲ್ಲಿದೆ ಹೇಳು?

ಇವತ್ತು ಸತ್ತವರ ಹಬ್ಬ. ಬೆಳಿಗ್ಗೆ ಸಾಲ್ಸೇದೊ ಕಲ್ಲುಗಳ ಮೇಲೆ ಪವಿತ್ರ ನೀರು ಚಿಮುಕಿಸಿದ. ಸಂದಿಯಿಂದ ಇಳಿದದ್ದು ನೇರ ಅಜ್ಜನ ತಲೆಯ ಮೇಲೆ. "ಮುದ್ಕ ಕೊನೆಗೂ ಕ್ರಿಸ್ತಾನ ಆದ" ಎಂದು ಸಿಸಾ ಅಜ್ಜಿ ಮುಸುಕಿನೊಳಗೆ ನಗುತ್ತಿದ್ದಳು. ಆಗಲಿ ಬಿಡು. ಅರಸರು ಬದಲಾದಾಗ ಅವನು ಮೊದಲೂ ದೇವರು ಬದಲಿಸಿದ್ದವನೇ, ತಾನು ಕಟ್ಟಿದ ಗೋಡೆ ಮಾತ್ರ ಬಿಟ್ಟುಕೊಡಲಿಲ್ಲ.

ಇಷ್ಟು ದಿನ ಇದನ್ನೆಲ್ಲ ನಾನು ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ನಿನ್ನನ್ನು ನಂಬಿರಲಿಲ್ಲ. ನೀನು ಸಂದಿಯ ಮೇಲೆ ಪಾದವಿಟ್ಟದ್ದನ್ನು ನಾನು ನೋಡಿದೆ, ಆದರೆ ಅಕ್ಕನನ್ನು ತುಳಿದು ನಿಂತಿದ್ದಾನೆ ಎಂದುಕೊಂಡೆ. ನಿನ್ನ ಕಾಗದ ಬರುವ ತನಕ ಹಾಗೆಂದೇ ಊರಿಗೆಲ್ಲ ಹೇಳಿದ್ದೆ. ನಾಳೆಯಿಂದ ಬೇರೆ ಕಥೆ ಹೇಳುತ್ತೇನೆ.

ಈ ಕಾಗದವನ್ನು ಸುಡಬೇಡ. ಅವರು ಸುಟ್ಟದ್ದು ಸಾಕು. ಸಿಕ್ಕಿಬಿದ್ದರೆ ಬೀಳಲಿ, ನಮ್ಮ ಭಾಷೆಯ ಕಾಗದವನ್ನು ಆ ಪಾದ್ರಿಗೆ ಓದಿ ಹೇಳಬೇಕಾದವನು ನೀನೇ ತಾನೇ? ಆಲೂಗಡ್ಡೆಯ ಬೆಳೆಯ ಬಗ್ಗೆ ಏನಾದರೂ ಓದಿ ಹೇಳು.

ಕೋಣೆಯಲ್ಲಿ ಇನ್ನೂ ಜಾಗವಿದೆ. ಚಿಂಪುವಿನ ಎಡಗಡೆ ನನ್ನದು, ಅದನ್ನು ಯಾರೂ ಕೇಳಬಾರದು. ಬಲಗಡೆಯ ಗೋಡೆಯನ್ನು ನಿನ್ನೆ ಉಜ್ಜಿ ನುಣುಪು ಮಾಡಿ ಬಂದಿದ್ದೇನೆ. ಲಿಮಾದ ಒದ್ದೆ ಮಣ್ಣಿನಲ್ಲಿ ಉದ್ದಕ್ಕೆ ಮಲಗುವ ಹಣೆಬರಹ ನಿನಗೆ ಬೇಡ. ಅವಸರವಿಲ್ಲ. ಆದರೆ ಹೊತ್ತು ತರುವ ಕೆಲಸ ಇಲಾರಿಯೊಗೆ ಕೊಡಬೇಡ, ನಡೆದುಕೊಂಡೇ ಬಾ. ಮೊದಲು ಕೆಳಗಿನ ಹೊಲಕ್ಕೆ ಹೋಗಿ, ತಲೆ ತೂರಿಸಿ, ಒಂದು ಸಲ ಕೂಗು. ಅವಳು ಕಾಲು ಹಿಡಿದು ಎಳೆಯುವುದಿಲ್ಲ ಎಂದು ನಾನು ಮಾತು ಕೊಡಲಾರೆ.

ಇನ್ನೂ ಏನೋ ಇತ್ತು, ಬೇರೆಯದೇ ಮಾತು, ಆದರೆ ಅಕ್ಷರ ಕಾಣುತ್ತಿಲ್ಲ. ಗುಡ್ಡದ ನೆರಳು ಇಗರ್ಜಿಯ ಗೋಡೆಯನ್ನು ಅರ್ಧ ಏರಿದೆ, ತಿತು ಅಜ್ಜನ ಅರ್ಧ ಮುಗಿದು ನನ್ನ ಅರ್ಧ ಶುರುವಾಗುವ ಕಡೆಗೆ. ಕತ್ತಲಾಗುವ ಮುಂಚೆ ಅವರಿಬ್ಬರಿಗೂ ಚಿಚಾ ಒಯ್ಯಬೇಕು. ಎರ್ಗೊ, ಏಳುತ್ತೇನೆ.

ಗಾಸ್ಪರ್